ನಾನು ಓಡ್ತಾನೇ ಇದೀನಿ, ನಂಬಿ

ಜೋರಾಗಿ ಓಡೋರನ್ನ ಈ ಊರಲ್ಲಿ ಯಾರೂ ಏನೂ ಕೇಳಲ್ಲ. ನಿಧಾನಕ್ಕೆ ಓಡಿ ನೋಡಿ, ದಿನಕ್ಕೊಬ್ಬರಾದ್ರೂ ಅಡ್ಡ ಹಾಕಿ ವಿಚಾರಣೆ ಮಾಡ್ತಾರೆ. ನನಗೆ ಇದು ಒಂದು ವರ್ಷದಿಂದ ನಡೀತಾನೇ ಇದೆ.

ನಮ್ಮದು ಯಾದಗಿರಿ ಕಡೆ. ಹಲಸೂರಿಗೆ ಬಂದು ಹದಿನೆಂಟು ವರ್ಷ ಆಯ್ತು. ಮನೆಯವರದು ಪೇಂಟಿಂಗ್ ಕೆಲಸ, ನಾನು ಒಂದು ಟೈಲರ್ ಅಂಗಡೀಲಿ ಬ್ಲೌಸ್ ಹೊಲೀತೀನಿ. ದಿನವಿಡೀ ಕೂತೇ ಇರೋ ಕೆಲಸ. ಹೋದ ವರ್ಷ ತಲೆ ಸುತ್ತು ಬಂತು ಅಂತ ಕ್ಲಿನಿಕ್ಕಿಗೆ ಹೋದ್ರೆ, ಡಾಕ್ಟ್ರು ರಿಪೋರ್ಟ್ ನೋಡಿ, "ಶುಗರ್ ಬಾಗಿಲ ಹತ್ರ ಬಂದು ನಿಂತಿದೆ. ಒಳಗೆ ಕರೀಬೇಡಿ" ಅಂದ್ರು. ನಮ್ಮವ್ವನ ಬಲಗಾಲಿನ ಎರಡು ಬೆರಳು ಇದೇ ಕಾಯಿಲೆಗೆ ಹೋಗಿದ್ವು.

"ಏನ್ಮಾಡ್ಲಿ ಡಾಕ್ಟ್ರೇ?"

"ಮೊದಲು ನಡೀರಿ. ಆಮೇಲೆ ನಿಧಾನಕ್ಕೆ ಓಡಿ."

"ಎಷ್ಟು ನಿಧಾನಕ್ಕೆ?"

"ನಿಮಗೇ ನಾಚಿಕೆ ಆಗೋವಷ್ಟು."

ನಾನು ಡಾಕ್ಟ್ರ ಮಾತನ್ನ ಒಂದಿಂಚೂ ಮೀರಲಿಲ್ಲ. ಮುಂದೆ ನಡೆದಿದ್ದಕ್ಕೆಲ್ಲ ಅದೇ ಕಾರಣ.

ಮೊದಲ ಅನುಮಾನ ಮನೇಲೇ

ಓಡೋ ವಿಷಯ ಮನೆಯವರಿಗೆ ಹೇಳಿರಲಿಲ್ಲ. ನಲವತ್ತನಾಲ್ಕನೇ ವಯಸ್ಸಲ್ಲಿ ನಾನು ಓಡ್ತೀನಿ ಅಂದ್ರೆ ನಗ್ತಾರೆ ಅಂತ ಸಂಕೋಚ. ಬೆಳಗ್ಗೆ ಆರಕ್ಕೆ ಕ್ಯಾನ್ವಾಸ್ ಶೂ ಕೈಲಿ ಹಿಡ್ಕೊಂಡು, ಬಾಗಿಲು ಸದ್ದಾಗದ ಹಾಗೆ ಎಳ್ಕೊಂಡು, ಮೆಟ್ಟಿಲ ಹತ್ರ ಕೂತು ಶೂ ಹಾಕ್ಕೊಳ್ತಿದ್ದೆ. ಎರಡನೇ ದಿನ ಅವರಿಗೆ ಎಚ್ಚರ ಆಯ್ತು.

"ಎಲ್ಲಿ ಹೊಂಟಿ?"

"ಹಾಲಿಗೆ."

ಮುಕ್ಕಾಲು ಗಂಟೆ ಬಿಟ್ಟು, ಬೆವರು ಸುರಿಸ್ಕೊಂಡು, ಮುಖ ಕೆಂಪು ಮಾಡ್ಕೊಂಡು ಬಂದೆ. ಹಾಲು ತರೋದು ಮರೆತೇಹೋಗಿತ್ತು. ಅವರು ಏನೂ ಅನ್ನಲಿಲ್ಲ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದೀನಿ, ಅವರು ಬೈದ್ರೆ ಹೆದರಲ್ಲ. ಸುಮ್ಮನಿದ್ರೆ ಹೆದರ್ತೀನಿ.

ಮೂರನೇ ದಿನ ನಾನು ಕೆರೆಯ ಕಡೆ ಓಡಿ, ಅಲ್ಲಿಂದ ತಿರುಗಿ, ಮನೆ ಸಂದಿಗೆ ಬರೋ ಹೊತ್ತಿಗೆ ಅವರು ಹಿಂದಿನಿಂದ ಬಂದು ಪಕ್ಕದಲ್ಲಿ ನಿಂತ್ರು. ಲುಂಗಿ ಮೇಲೆ ಸ್ವೆಟರ್, ಕಾಲಿಗೆ ಹವಾಯಿ ಚಪ್ಪಲಿ. ಮನೆಯಿಂದ ಕೆರೆವರೆಗೆ, ಕೆರೆಯಿಂದ ಮನೆವರೆಗೆ ಬೆನ್ನು ಹತ್ತಿದ್ದರಂತೆ.

"ಖರೇ ಹೇಳು. ಏನು ಕಳಕೊಂಡೀದಿ?"

"ಏನೂ ಕಳ್ಕೊಂಡಿಲ್ರೀ."

"ಮತ್ತ ಅಷ್ಟು ದೂರ ನೆಲ ನೋಡ್ಕೋತ ಏನು ಹುಡುಕ್ಲಿಕತ್ತಿದ್ದಿ?"

ನಾನು ಅಲ್ಲೇ ಅಳೋ ಹಾಗಾದೆ. "ಹುಡುಕ್ತಿರಲಿಲ್ರೀ, ಓಡ್ತಿದ್ದೆ. ಡಾಕ್ಟ್ರು ಹೇಳಿದಾರೆ, ಶುಗರ್ ಬರೋ ಹಾಗಿದೆ ಅಂತ."

ಅವರ ಮುಖದ ಅನುಮಾನ ಕರಗಿ ಹೋಯ್ತು. ಹೆಗಲ ಮೇಲೆ ಕೈ ಇಟ್ರು. ಸ್ವಲ್ಪ ಹೊತ್ತು ಏನೋ ಲೆಕ್ಕ ಹಾಕಿ, ಮೆಲ್ಲಗೆ ಅಂದ್ರು: "ನೀ ಓಡ್ತಿದ್ದಿ ಅಂತ ನಂಗ ಗೊತ್ತೇ ಆಗಲಿಲ್ಲ ನೋಡು. ನಿನ್ನ ದಾಟಿ ಹೋಗಬಾರದು ಅಂತ ನಾ ದಾರ್ಯಾಗ ಎರಡು ಕಡೆ ನಿಂತು ಚಾ ಕುಡದೆ."

ಹೂವಿನಜ್ಜಿಯ ಹೇಳಿಕೆ

ಒಂದು ವಾರ ಕಳೆದಿರಬಹುದು. ಕೆರೆ ಪಕ್ಕದ ರಸ್ತೇಲಿ ಹೋಗ್ತಿದ್ದಾಗ ಬೀಟಿಗೆ ಬಂದ ಒಬ್ಬ ಕಾನ್ಸ್‌ಟೇಬಲ್ ಬೈಕನ್ನ ನನ್ನ ಪಕ್ಕಕ್ಕೇ ತಂದು, ನನ್ನ ಸ್ಪೀಡಿಗೇ ಓಡಿಸೋಕೆ ನೋಡಿದ್ರು. ಆಗಲಿಲ್ಲ. ಎರಡು ಸಲ ಗಾಡಿ ಆಫ್ ಆಯ್ತು. ಕೊನೆಗೆ ಕಾಲಲ್ಲಿ ದೂಡ್ಕೊಂಡು ಬಂದ್ರು.

"ಏನಮ್ಮಾ, ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದಾರಾ?"

"ಇಲ್ಲ ಸಾರ್."

ಹಿಂದೆ ತಿರುಗಿ ನೋಡಿದ್ರು. ಯಾರೂ ಇರಲಿಲ್ಲ. ಮುಂದೆ ನೋಡಿದ್ರು. ತಲೆ ಮೇಲೆ ಹೂವಿನ ಬುಟ್ಟಿ ಹೊತ್ತ ಒಬ್ಬ ಅಜ್ಜಿ ದೇವಸ್ಥಾನದ ಕಡೆ ಹೋಗ್ತಿದ್ರು.

"ಹಂಗಾದ್ರೆ ನೀವು ಅವರನ್ನ ಅಟ್ಟಿಸ್ಕೊಂಡು ಹೋಗ್ತಿದೀರಾ?"

"ಅಯ್ಯೋ, ಇಲ್ಲ ಸಾರ್! ನಾನು ರನ್ನಿಂಗ್ ಮಾಡ್ತಿದೀನಿ."

ಅವರು ನನ್ನನ್ನ ಮೇಲಿಂದ ಕೆಳಗೆ ನೋಡಿದ್ರು. ಬೆಳಗ್ಗೆ ಸರ ಕೀಳೋರ ಕಾಟ, ಅವರ ಕೆಲಸ ಅವರು ಮಾಡ್ತಿದ್ರು. ಬೈಕ್ ಮುಂದೆ ಹೋಗಿ ಅಜ್ಜಿ ಹತ್ರ ನಿಂತ್ಕೊಳ್ತು. ಅಷ್ಟರಲ್ಲಿ ನಾನೂ ಏದುಸಿರು ಬಿಡ್ತಾ ಹತ್ರ ಬಂದಿದ್ದೆ.

"ಅಜ್ಜಿ, ಈಯಮ್ಮ ನಿಮ್ಮನ್ನ ಫಾಲೋ ಮಾಡ್ತಿದಾರಾ?"

ಅಜ್ಜಿ ಬುಟ್ಟಿ ಇಳಿಸಿ, ನನ್ನನ್ನ ನೋಡಿ, ತಮಿಳು ಕನ್ನಡ ಕಲಸಿ ಹೇಳಿದ್ರು: "ಆಮಾ ಸಾರ್. ನಾಲ್ಕು ದಿನ ಆಯ್ತು, ಡೈಲಿ ಹಿಂದೇನೇ ಬರ್ತಾಳೆ. ಉಸ್ಸ್ ಉಸ್ಸ್ ಅಂತಾಳೆ, ಕಾಲು ಕುಣಿಸ್ತಾಳೆ. ಆದ್ರೆ ಪಾವಂ, ಒಂದು ದಿನಾನೂ ಮುಂದೆ ಹೋಗಿಲ್ಲ ಸಾರ್."

ಕಾನ್ಸ್‌ಟೇಬಲ್ ಹೆಲ್ಮೆಟ್ಟಿನ ಗ್ಲಾಸ್ ಇಳಿಸ್ಕೊಂಡು ಹೊರಟುಹೋದ್ರು. ಒಳಗೆ ನಗ್ತಿದ್ರು ಅಂತ ಭುಜ ನೋಡಿದ್ರೇ ಗೊತ್ತಾಗ್ತಿತ್ತು.

ನನ್ನ ಹಿಂದೆ ಬಂದ ಹೆಜ್ಜೆ

ಅನುಮಾನ ಪಡೋದ್ರಲ್ಲಿ ನಾನೇನು ಕಮ್ಮಿ ಅಲ್ಲ. ಹೂವಿನಜ್ಜಿ ಎದುರು ಮಾನ ಹೋದ ಮೇಲೆ ದಾರಿ ಬದಲಾಯಿಸಿ ಕಾಕ್ಸ್ ಟೌನ್ ಕಡೆ ಓಡೋಕೆ ಶುರು ಮಾಡಿದೆ. ಅಲ್ಲಿ ಹಳೇ ಮನೆಗಳು, ದೊಡ್ಡ ಮರಗಳು, ಬೆಳಗ್ಗೆ ಜನ ಕಮ್ಮಿ. ಎರಡನೇ ದಿನವೇ ಹಿಂದೆ ಧಪ್ ಧಪ್ ಅಂತ ಹೆಜ್ಜೆ ಸದ್ದು ಕೇಳಿಸ್ತು.

ತಿರುಗಿ ನೋಡಿದೆ. ಗುಂಡಗೆ, ಎತ್ತರಕ್ಕೆ, ಐವತ್ತರ ಒಬ್ಬ ಗಂಡಸು. ನಾನು ನಿಧಾನ ಮಾಡಿದ್ರೆ ಆತನೂ ನಿಧಾನ. ಬೇಕರಿ ಮುಂದೆ ನಿಂತ್ರೆ ಆತನೂ ನಿಂತು, ಬಗ್ಗಿ ಶೂ ಲೇಸ್ ಕಟ್ಟೋಕೆ ಶುರು. ಮಾರನೇ ದಿನವೂ ಹಾಗೇ. ಅದರ ಮಾರನೇ ದಿನ ಲೇಸ್ ಕಟ್ಟೋ ಕಾಲಿನ ಕಡೆ ಸರಿಯಾಗಿ ನೋಡಿದೆ. ಆತ ಹಾಕಿದ್ದು ಲೇಸೇ ಇಲ್ಲದ ಶೂ!

ಅಂಗಡೀಲಿ ನಮ್ಮ ಕಾಜಾ ಅಕ್ಕನಿಗೆ ಹೇಳಿದೆ. ಗುಂಡಿಗೆ ಕಾಜಾ ಹಾಕೋ ಕೆಲಸ ಅವಳದು, ಶಿವಾಜಿನಗರದಲ್ಲಿ ಹುಟ್ಟಿ ಬೆಳೆದವಳು, ಯಾರಿಗೂ ಹೆದರಲ್ಲ. "ನಾಳೆ ನಾನೂ ಬರ್ತೀನಿ. ಕಾಟ್ರಿ ತಗೊಂಡು ಬರ್ತೀನಿ" ಅಂದ್ಳು. ಕಾಟ್ರಿ ಅಂದ್ರೆ ನಾವು ಬಟ್ಟೆ ಕತ್ತರಿಸೋ ದೊಡ್ಡ ಕತ್ತರಿ. ಬೇಡ ಅಂದ್ರೂ ಸೆರಗಲ್ಲಿ ಮುಚ್ಚಿಟ್ಕೊಂಡು ಬಂದು ಬೇಕರಿ ಪಕ್ಕದ ಗೋಡೆ ಹಿಂದೆ ನಿಂತ್ಳು.

ನಾನು ಬೇಕರಿ ಮುಂದೆ ನಿಂತೆ. ಹೆಜ್ಜೆಯೂ ನಿಂತಿತು. ಕಾಜಾ ಅಕ್ಕ ಹಾರಿ ಬಂದು, "ಯಾರ್ರೀ ನೀವು? ಹೆಂಗಸ್ರ ಹಿಂದೆ ಯಾಕ್ರೀ ಬರ್ತೀರಾ?" ಅಂತ ಕತ್ತರಿ ತೋರಿಸಿದ್ಳು.

ಆತ ಎರಡೂ ಕೈ ಮೇಲೆತ್ತಿಬಿಟ್ಟ. "ಮೇಡಂ, ಮೇಡಂ, ನಾನು ಬ್ಯಾಂಕಲ್ಲಿ ಕೆಲಸ ಮಾಡೋನು! ರನ್ನಿಂಗ್ ಹೊಸದಾಗಿ ಕಲೀತಿದೀನಿ! ನನ್ನದೇ ಸ್ಪೀಡಿರೋರ ಹಿಂದೆ ಓಡ್ಬೇಕು ಅಂತ ನನ್ನ ಮಗಳು ಹೇಳಿದಾಳೆ. ಬೆನ್ಸನ್ ಟೌನಿಂದ ಇಲ್ಲೀತನಕ ಹದಿನೈದು ದಿನ ಹುಡುಕಿದೀನಿ, ನನ್ನಷ್ಟು ನಿಧಾನಕ್ಕೆ ಓಡೋರು ಈ ಮೇಡಂ ಒಬ್ರೇ ಸಿಕ್ಕಿದ್ದು!"

"ಹಂಗಾದ್ರೆ ಲೇಸ್ ಯಾಕೆ ಕಟ್ತಿದ್ರಿ?" ಅಂದೆ ನಾನು.

"ಬಗ್ಗಿದ್ರೆ ಉಸಿರು ಸರಿಯಾಗುತ್ತೆ. ಸುಮ್ನೆ ಬಗ್ಗಿದ್ರೆ ನೋಡೋರು ಏನಂತಾರೆ?"

ಕಾಜಾ ಅಕ್ಕ ಕತ್ತರಿ ಇಳಿಸಿದ್ಳು. ಬೇಕರಿಯವರು ಮೂವರಿಗೂ ಬಿಸಿ ಬನ್ನು ಕೊಟ್ರು. ನಾನು ಮುಟ್ಟಲಿಲ್ಲ, ಬ್ಯಾಂಕಿನವರು ಎರಡು ತಿಂದ್ರು. ಆ ಸಂಜೆಯೇ ಅವರನ್ನ ಮನೆಗೆ ಕರೆದು ಮನೆಯವರಿಗೆ ಪರಿಚಯ ಮಾಡಿಸಿದೆ, ಆಮೇಲೆ ಹೊಸ ಅನುಮಾನ ಹುಟ್ಟೋದು ಬೇಡ ಅಂತ. ಮನೆಯವರು ಅವರ ಗಾತ್ರ ನೋಡಿ, ನನ್ನ ಮುಖ ನೋಡಿ, ಕೇಳಿದ್ದು ಒಂದೇ ಮಾತು: "ಸಾಹೇಬ್ರ, ಈಕಿ ಹಿಂದ ಓಡೂವಾಗ ನಿಮಗ ನಿದ್ದಿ ಬರಂಗಿಲ್ಲೇನು?"

ಫೋನಿಗೂ ನಂಬಿಕೆ ಇಲ್ಲ

ಬ್ಯಾಂಕಿನವರು ನನ್ನ ಫೋನಿಗೆ ಓಟ ಅಳೆಯೋ ಆ್ಯಪ್ ಹಾಕಿಕೊಟ್ರು. ಮಾರನೇ ದಿನ ಓಡೋಕೆ ಶುರು ಮಾಡಿ ಐದು ನಿಮಿಷ ಆಗಿಲ್ಲ, ಫೋನಿಂದ ಒಬ್ಬಳು ಇಂಗ್ಲಿಷಲ್ಲಿ ಏನೋ ಅಂದ್ಳು.

"ಏನಂತೆ ಸಾರ್?"

"ನೀವು ನಿಂತಿದೀರಂತೆ. ಅದಕ್ಕೆ ಅವಳೂ ನಿಲ್ಲಿಸಿದಾಳಂತೆ."

"ಓಡ್ತಾನೇ ಇದೀನಲ್ಲ ಸಾರ್!"

"ನನಗೆ ಕಾಣ್ತಿದೆ ಮೇಡಂ. ಅವಳಿಗೆ ಕಾಣ್ತಿಲ್ಲ."

ಅವತ್ತು ಸಿಟ್ಟಲ್ಲಿ ಫೋನನ್ನ ಅಂಗಡೀಲಿ ಮಿಷನ್ ಮೇಲೆ ಇಟ್ಟು ದಿನವಿಡೀ ಸೀರೆಗೆ ಫಾಲ್ ಹೊಲಿದೆ. ಮೋಟಾರ್ ಮಿಷನ್ನು, ಗಡಗಡ ಅಂತ ಅಲ್ಲಾಡುತ್ತೆ. ಸಂಜೆ ನೋಡಿದ್ರೆ ಫೋನ್ ತುಂಬಾ ಹೂವು, ನಕ್ಷತ್ರ, ಚಪ್ಪಾಳೆ. ಅಭಿನಂದನೆಗಳು, ನಿಮ್ಮ ಜೀವನದಲ್ಲೇ ಇಷ್ಟು ಚಟುವಟಿಕೆಯ ದಿನ ಬಂದಿರಲಿಲ್ಲ ಅಂತ.

ಅರ್ಧಕ್ಕೆ ನಿಂತ ಬ್ಲೌಸು

ನಾವಿಬ್ಬರೇ ಓಡಿ ಓಡಿ ಬೇಜಾರಾಗಿ, ಇಂದಿರಾನಗರದ ಒಂದು ಪಾರ್ಕಿನ ಹತ್ರ ಭಾನುವಾರ ಓಡೋಕೆ ಸೇರೋ ಗುಂಪಿಗೆ ಹೋದ್ವಿ. ಅಲ್ಲಿ ಎಲ್ಲರ ಕೈಲೂ ದೊಡ್ಡ ದೊಡ್ಡ ವಾಚು. ಮಾರತ್ತಹಳ್ಳಿ, ಕೆ.ಆರ್. ಪುರದಿಂದೆಲ್ಲ ಬಂದಿದ್ರು. ಕೋಚ್ ಒಬ್ಬ ಚಿಕ್ಕ ಹುಡುಗಿ. ನನ್ನ ಮುಖ ನೋಡೇ ಅವಳಿಗೆ ಗೊತ್ತಾಯ್ತು.

"ಆಂಟಿ, ಸ್ಪೀಡ್ ಬಗ್ಗೆ ಚಿಂತೆ ಬಿಟ್ಬಿಡಿ. ಪಕ್ಕದವರ ಜೊತೆ ಮಾತಾಡ್ತಾ ಓಡೋಕೆ ಆಗ್ಬೇಕು, ಅಷ್ಟೇ. ಮಾತಾಡೋಕೆ ಆಗ್ತಿಲ್ಲ ಅಂದ್ರೆ ನೀವು ಜಾಸ್ತಿ ಜೋರಾಗಿ ಓಡ್ತಿದೀರಿ ಅಂತ ಅರ್ಥ."

ಬ್ಯಾಂಕಿನವರು ನನ್ನ ಕಿವೀಲಿ, "ನಿಧಾನಕ್ಕೆ ಓಡಿ ಅನ್ನೋ ಕೋಚು ಎಲ್ಲಾದ್ರೂ ಇರ್ತಾರಾ ಮೇಡಂ? ಇದರಲ್ಲಿ ಏನೋ ಇದೆ. ಯಾವ ಪೇಪರಿಗೂ ಸೈನ್ ಹಾಕ್ಬೇಡಿ" ಅಂದ್ರು.

ಆದ್ರೆ ಮಾತಾಡ್ತಾ ಓಡಿ ಅಂದ್ರೆ ನನಗೇನು ಕಷ್ಟ? ಹೊರಡ್ತಿದ್ದ ಹಾಗೇ ಅಂಗಡಿಯ ಒಂದು ಕಥೆ ತೆಗೆದೆ. ಒಬ್ಬ ಹೆಂಗಸು ಮಗಳ ಮದುವೆಗೆ ಅಂತ ರೇಷ್ಮೆ ಬ್ಲೌಸ್ ಹೊಲಿಯೋಕೆ ಕೊಟ್ಟಿದ್ರು, ಅಳತೆಗೆ ಒಂದು ಹಳೇ ಬ್ಲೌಸೂ ಕೊಟ್ಟಿದ್ರು. ಹೊಲಿದು ಕಳಿಸಿದೆ. ಮದುವೆ ದಿನ ಬೆಳಗ್ಗೆ ಐದಕ್ಕೆ ಫೋನು: ಬ್ಲೌಸ್ ತೋಳೇ ಹತ್ತುತ್ತಿಲ್ಲ! ಛತ್ರಕ್ಕೆ ಓಡಿದೆ. ನೋಡಿದ್ರೆ ಗಡಿಬಿಡೀಲಿ ಅವರು ಅಳತೆಗೆ ಕೊಟ್ಟಿದ್ದು ತಮ್ಮ ಬ್ಲೌಸೇ ಅಲ್ಲ. ಮತ್ತೆ ಅದು ಯಾರದ್ದು? ಅವರ ಮನೆ ಹೆಂಗಸ್ರು ಒಬ್ಬೊಬ್ಬರಾಗಿ ಹೊಸ ಬ್ಲೌಸ್ ಹಾಕಿ ನೋಡಿದ್ರು. ಅತ್ತೆಗೆ ಆಗಲಿಲ್ಲ. ನಾದಿನಿಗೆ ಆಗಲಿಲ್ಲ. ಅಷ್ಟರಲ್ಲಿ ಗಂಡಿನ ಕಡೆಯಿಂದ ಬೀಗಿತ್ತಿ ಬಂದ್ರು...

ಅಷ್ಟು ಹೇಳೋವಾಗ ಏರು ಬಂತು. ಉಸಿರು ಸಾಲದೆ ನಾನು ನಿಲ್ಲಿಸಿದೆ. ನೋಡ್ತೀನಿ, ನಮ್ಮ ಮುಂದೆ ಆರು ಜನ ನಡೀತಿದಾರೆ. ಪಕ್ಕದಲ್ಲಿ ನಾಲ್ಕು ಜನ. ಅರ್ಧ ಕಥೆ ಕೇಳಿ ಅರ್ಧ ಕಿಲೋಮೀಟರ್ ಮುಂದೆ ಹೋಗಿದ್ದ ಒಬ್ಬ ತೆಳ್ಳನೆ ಹುಡುಗ ವಾಪಸ್ ಓಡಿ ಬಂದು, "ಆಂಟಿ, ಕೊನೆಗೆ ಯಾರಿಗೆ ಆಯ್ತು?" ಅಂದ.

"ಬೀಗಿತ್ತಿಗೆ ಕಣಪ್ಪಾ. ಅಳತೆ ತಗೊಂಡ ಹಾಗೆ ಕೂತಿತು. ಅವರೇ ಹಾಕ್ಕೊಂಡು ಧಾರೆಗೆ ನಿಂತ್ರು."

"ಅಂದ್ರೆ ಬೀಗಿತ್ತಿ ಹಳೇ ಬ್ಲೌಸು ಹುಡುಗಿ ಮನೆಗೆ ಮೊದಲೇ ಹೆಂಗ್ ಬಂತು?"

"ಅದನ್ನೇ ಇವತ್ತಿಗೂ ಎರಡೂ ಮನೆಯವರು ಕೇಳ್ತಿದಾರೆ."

ಪಾರ್ಕಿನ ಗೇಟಲ್ಲಿ ಕೋಚ್ ವಾಚ್ ಹಿಡ್ಕೊಂಡು ನಿಂತಿದ್ಳು. ಮಾಮೂಲಿಗಿಂತ ಇಪ್ಪತ್ತು ನಿಮಿಷ ತಡವಾಗಿ ಇಡೀ ಗುಂಪು ಒಟ್ಟಿಗೇ ಬಂತು. ಒಬ್ಬೊಬ್ಬರನ್ನೇ ನೋಡಿದ್ಳು, ಕೊನೆಗೆ ನನ್ನ ಮೇಲೆ ಕಣ್ಣು ನಿಲ್ಲಿಸಿದ್ಳು. "ಆಂಟಿ, ಮುಂದಿನ ವಾರದಿಂದ ನೀವು ಹಾಡು ಕೇಳ್ಕೊಂಡು ಓಡಿ."

ಡಾಕ್ಟ್ರ ಸರದಿ

ಎಂಟು ತಿಂಗಳು ಬಿಟ್ಟು ಮತ್ತೆ ರಕ್ತ ಪರೀಕ್ಷೆ. ಡಾಕ್ಟ್ರು ರಿಪೋರ್ಟನ್ನ ಒಂದು ಸಲ ಓದಿ, ತಿರುಗಿಸಿ ಹೆಸರು ನೋಡಿ, ನನ್ನನ್ನ ನೋಡಿ, ಮತ್ತೆ ಹೆಸರು ನೋಡಿದ್ರು.

"ಇದು ನಿಮ್ಮದೇ ರಕ್ತಾನಾ?"

"ನನ್ನ ಕೈಯಿಂದಾನೇ ತೆಗೆದ್ರು ಡಾಕ್ಟ್ರೇ."

ನಂಬಲಿಲ್ಲ. ಅಲ್ಲೇ ಬೆರಳು ಚುಚ್ಚಿ ತಾವೇ ನೋಡಿದ್ರು. ಶುಗರ್ ಬಾಗಿಲು ಬಿಟ್ಟು ಬೀದಿ ದಾಟಿ ಹೋಗಿತ್ತು. ನನಗೆ ನಮ್ಮವ್ವ ನೆನಪಾಗಿ ಕಣ್ಣಲ್ಲಿ ನೀರು ಬಂತು. ಡಾಕ್ಟ್ರು ಖುಷಿಯಾಗಿ, "ಎಷ್ಟು ಜೋರಾಗಿ ಓಡ್ತೀರಿ ಈಗ?" ಅಂದ್ರು.

"ನೀವು ಹೇಳಿದಷ್ಟೇ, ನಾಚಿಕೆ ಆಗೋವಷ್ಟು ನಿಧಾನಕ್ಕೆ. ಆದ್ರೆ ಒಂದು ತೊಂದರೆ ಆಗಿದೆ ಡಾಕ್ಟ್ರೇ, ಈಗ ನಾಚಿಕೇನೇ ಆಗ್ತಿಲ್ಲ."

"ಅದಕ್ಕೆ ಔಷಧಿ ಕೊಡಲ್ಲ, ಹಾಗೇ ಇರಲಿ" ಅಂದ್ರು.

ಹಿಂದೆ ಬಂದ ಆಂಬ್ಯುಲೆನ್ಸು

ಧೈರ್ಯ ಬಂದು ಐದು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ವಿ, ನಾನು ಮತ್ತೆ ಬ್ಯಾಂಕಿನವರು. ಕಂಟೋನ್ಮೆಂಟಿನ ಅಗಲ ರಸ್ತೆಗಳಲ್ಲಿ, ಭಾನುವಾರ ಬೆಳಗ್ಗೆ. ಎದೆ ಮೇಲೆ ನಂಬರ್ ಚೀಟಿ ಪಿನ್ ಮಾಡಿದ್ರು. ಓಟ ಶುರುವಾಗಿ ಹತ್ತು ನಿಮಿಷಕ್ಕೆ ನಮ್ಮ ಮುಂದೆ ಯಾರೂ ಕಾಣಲಿಲ್ಲ. ಹಿಂದೆ ತಿರುಗಿದ್ರೆ ಒಂದು ಆಂಬ್ಯುಲೆನ್ಸ್ ಬರ್ತಿತ್ತು.

"ಇದು ಯಾಕೆ ನಮ್ಮ ಹಿಂದೇನೇ ಬರ್ತಿದೆ ಸಾರ್?"

"ಕೊನೆಯವರ ಹಿಂದೆ ಬರೋದು ರೂಲ್ಸು ಮೇಡಂ." ಅಷ್ಟು ಹೇಳಿ ಅವರೂ ತಿರುಗಿ ನೋಡಿದ್ರು. "ಆದ್ರೆ ಆ ಡ್ರೈವರ್ ನಮ್ಮನ್ನ ನೋಡೋ ರೀತಿ ಸರಿಯಿಲ್ಲ."

ಮೂರನೇ ಕಿಲೋಮೀಟರಲ್ಲಿ ಡ್ರೈವರ್ ಕಿಟಕಿಯಿಂದ ತಲೆ ಹಾಕಿದ್ರು. "ಅಮ್ಮಾ, ಹತ್ಕೊಳ್ಳಿ."

"ಯಾಕೆ? ನನಗೇನಾಗಿದೆ?"

"ನಿಮಗೇನೂ ಆಗಿಲ್ಲಮ್ಮಾ. ನನ್ನ ಗಾಡಿಗೆ ಆಗ್ತಿದೆ. ಅರ್ಧ ಗಂಟೆಯಿಂದ ಫಸ್ಟ್ ಗೇರಲ್ಲೇ ಇದೀನಿ, ಇಂಜಿನ್ ಕಾದು ಹಂಚಾಗಿದೆ."

ನಾನು ಹತ್ತಲಿಲ್ಲ. ಅಷ್ಟರಲ್ಲಿ ಮೀನಖಂಡ ಸೆಳೆತು ಬ್ಯಾಂಕಿನವರು ಒಂಟಿಕಾಲಲ್ಲಿ ಕುಣಿಯೋ ಹಾಗಾಯ್ತು. ಆಂಬ್ಯುಲೆನ್ಸಲ್ಲಿದ್ದ ನರ್ಸಮ್ಮ ಇಳಿದು ಅವರನ್ನ ಒಳಗೆ ಕೂರಿಸಿ, ಹೆಸರು ವಯಸ್ಸು ಪುಸ್ತಕದಲ್ಲಿ ಬರ್ಕೊಂಡ್ರು. ನಾನು ಒಬ್ಬಳೇ ಮುಂದೆ ಓಡಿದೆ.

ಇನ್ನೇನು ಮುಕ್ತಾಯದ ಕಮಾನು ಕಾಣ್ತಿದೆ, ಹಿಂದೆ ಬುಸ್ ಅಂತ ಸದ್ದು. ಆಂಬ್ಯುಲೆನ್ಸಿನ ಮೂತಿಯಿಂದ ಹೊಗೆ. ಗಾಡಿ ನಿಂತೇಹೋಯ್ತು. ರಸ್ತೆ ಇನ್ನೇನು ವಾಹನಗಳಿಗೆ ಬಿಡ್ತಾರೆ, ನಡು ರಸ್ತೇಲಿ ಇದನ್ನ ಬಿಟ್ಟು ಹೋಗೋದು ಹೇಗೆ? ನಾನು ವಾಪಸ್ ಹೋದೆ. ರಸ್ತೆ ಗುಡಿಸ್ತಿದ್ದ ಇಬ್ಬರು ಅಕ್ಕಂದಿರೂ ಪೊರಕೆ ಬದಿಗಿಟ್ಟು ಬಂದ್ರು. ಹಿಂದಿನಿಂದ ಬರೋ ಗಾಡಿಗಳಿಗೆ ಕಾಣಲಿ ಅಂತ ನರ್ಸಮ್ಮ ತಮ್ಮ ಫಳಫಳ ಹೊಳೆಯೋ ಜಾಕೆಟನ್ನ ನನಗೆ ಹಾಕಿದ್ರು. ಡ್ರೈವರ್ ಬಾಗಿಲು ತೆಗೆದು ಸ್ಟೇರಿಂಗ್ ಹಿಡಿದು ತಳ್ಳೋಕೆ ನಿಂತ್ರು, ನಾವು ನಾಲ್ವರು ಹಿಂದಿನಿಂದ.

ಬ್ಯಾಂಕಿನವರು ಒಳಗಿಂದ, "ನಾನೂ ಇಳಿದು ತಳ್ತೀನಿ, ಈಗ ಕಾಲು ಸರಿಹೋಗಿದೆ" ಅಂತ ಕೂಗಿದ್ರು.

ನರ್ಸಮ್ಮ ಒಪ್ಪಲಿಲ್ಲ. "ಸಾರ್, ನಿಮ್ಮ ಹೆಸರು ಬರೆದಾಗಿದೆ. ಬರೆದ ಮೇಲೆ ನೀವು ಪೇಷಂಟು. ಪೇಷಂಟ್ ಗಾಡಿ ತಳ್ಳೋಹಾಗಿಲ್ಲ. ಸುಮ್ನೆ ಕೂತ್ಕೊಳ್ಳಿ."

ಹೀಗೆ ನಾವು ಮುಕ್ತಾಯದ ಗೆರೆಗೆ ಬಂದ್ವಿ. ಮೊದಲು ಆಂಬ್ಯುಲೆನ್ಸು, ಅದರ ಹಿಂದೆ ನಾವು. ಉಳಿದಿದ್ದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು. ಬಾಗಿಲು ತೆಗೆದ ತಕ್ಷಣ ಬ್ಯಾಂಕಿನವರು ಇಳಿದ್ರು. ಮೆಡಲ್ ಹಾಕೋ ಹುಡುಗಿ ಓಡಿ ಬಂದು, ಕಣ್ಣಲ್ಲಿ ನೀರು ತುಂಬ್ಕೊಂಡು, "ಇಂಥಾ ಪರಿಸ್ಥಿತೀಲೂ ಬಂದ್ರಲ್ಲ ಸಾರ್!" ಅಂತ ಅವರ ಕೊರಳಿಗೆ ಮೆಡಲ್ ಹಾಕಿದ್ಳು. ಅವರು ಬೇಡ ಅನ್ನಲೂ ಇಲ್ಲ.

ನಾನೂ ಕೊರಳು ಬಗ್ಗಿಸಿ ನಿಂತೆ.

"ಆಂಬ್ಯುಲೆನ್ಸ್ ಸ್ಟಾಫಿಗೆ ಮೆಡಲ್ ಇಲ್ಲ ಆಂಟಿ. ಉಪ್ಪಿಟ್ಟು ಆ ಕಡೆ ಇದೆ."

"ನಾನು ಸ್ಟಾಫಲ್ಲಮ್ಮಾ, ಓಡೋಕೆ ಬಂದೋಳು!" ಅಂತ ಜಾಕೆಟ್ ಬಿಚ್ಚಿ ನಂಬರ್ ತೋರಿಸಿದೆ. ಹುಡುಗಿ ನಂಬರನ್ನ ಪಟ್ಟಿ ಜೊತೆ ಎರಡು ಸಲ ಹೋಲಿಸಿ ನೋಡಿದ್ಳು. ಸರಿಯಾಗೇ ಇತ್ತು. ಆದ್ರೂ ಮೆಡಲ್ ಕೈಯಲ್ಲೇ ಹಿಡ್ಕೊಂಡಿದ್ಳು. ಗಾಡಿ ನೋಡಿದ್ಳು, ಗಾಡಿಯ ಹಿಂದಿನ ಬಾಗಿಲ ಮೇಲೆ ನನ್ನ ಎರಡು ಕೈ ಗುರುತು ನೋಡಿದ್ಳು, ನನ್ನನ್ನ ನೋಡಿದ್ಳು. ಹತ್ರ ಬಂದು ಮೆಲ್ಲಗೆ ಕೇಳಿದ್ಳು:

"ಆಂಟಿ, ನಿಜ ಹೇಳಿ. ಓಡ್ಕೊಂಡೇ ಬಂದ್ರಾ, ಇಲ್ಲಾ ಗಾಡಿ ಹಿಡ್ಕೊಂಡು ಬಂದ್ರಾ?"

"ಹಿಡ್ಕೊಂಡೇ ಬಂದೆ ಕಣಮ್ಮಾ" ಅಂದೆ. "ಬಿಟ್ಟಿದ್ರೆ ಗಾಡಿ ಅಲ್ಲೇ ನಿಂತುಬಿಡ್ತಿತ್ತು."